ಟ್ರಾಂ ಲೈಫ್‌ಗಾರ್ಡ್ ಕೈಕೊಟ್ಟರೆ ಎಲ್ಲಿ ಹುಡುಕಬೇಕು?

ಇಲಿ ಬೋನು ಇಟ್ಟವರಿಗೆ ಈ ಸಂಕಟ ಗೊತ್ತು. ಕೊಕ್ಕೆ ಬಿಗಿಯಾದರೆ ಇಲಿ ಕೊಬ್ಬರಿ ಚೂರು ತಿಂದು ಆರಾಮಾಗಿ ಹೊರಟುಹೋಗುತ್ತದೆ. ಸಡಿಲವಾದರೆ ರಸ್ತೆಯಲ್ಲಿ ಲಾರಿ ಹೋದ ಅದುರಿಗೇ ಬಾಗಿಲು ಟಪ್ ಅಂತ ಬೀಳುತ್ತದೆ. ಹಳೆಯ ಟ್ರಾಂ ಗಾಡಿಯ ಕೆಳಗಿರುವ ಲೈಫ್‌ಗಾರ್ಡ್ ಕೂಡ ಇದೇ ಜಾತಿಯದು. ಗಾಡಿಯಡಿ ಬಿದ್ದವರು ಚಕ್ರಕ್ಕೆ ಸಿಗದಂತೆ ಬಾಚಿಕೊಳ್ಳುವ ಟ್ರೇ ಅದು. ಬೇಕಾದಾಗ ಬೀಳಬೇಕು, ಬೇಡದಾಗ ಬೀಳಬಾರದು. ಅದರ ಬಹುಪಾಲು ದೋಷಗಳು ಈ ಎರಡರಲ್ಲಿ ಒಂದು.

ನಾನು ಇಂಗ್ಲೆಂಡಿನಲ್ಲಿದ್ದೇನೆ. ಭಾನುವಾರ ಒಂದು ಟ್ರಾಂ ಮ್ಯೂಸಿಯಂ ಶೆಡ್ಡಿನಲ್ಲಿ ಸುಮ್ನೆ ಕೈಜೋಡಿಸುತ್ತೇನೆ, ಸಂಬಳವಿಲ್ಲ, ಟೀ ಮಾತ್ರ. ಬೆಂಗಳೂರಿನವನು ನಾನು, ಅಲ್ಲಿ ಟ್ರಾಂ ಓಡಿದ್ದೇ ಇಲ್ಲ. ಟ್ರಾಂ ಅಂದರೆ ಏನು ಅಂತ ಮೊದಲು ಕೇಳಿದ್ದು ಮುಂಬಯಿಯಲ್ಲಿದ್ದ ದೊಡ್ಡಪ್ಪನ ಬಾಯಲ್ಲಿ. ಅಲ್ಲಿ 1964ರ ಮಾರ್ಚ್ 31ಕ್ಕೆ ಕೊನೆಯ ಟ್ರಾಂ ಓಡಿತು. ಈಚೆಗೆ ಬೇರೆ ಬೇರೆ ಊರಿನ ಟ್ರಾಂ ಶೆಡ್ಡುಗಳಲ್ಲಿ ಕೈಕೊಳೆ ಮಾಡಿಕೊಳ್ಳುವ ಕನ್ನಡದವರು ಒಬ್ಬೊಬ್ಬರಾಗಿ ಪರಿಚಯವಾಗುತ್ತಿದ್ದಾರೆ. ಅವರು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೇ ಇಲ್ಲಿ ಜೋಡಿಸಿದ್ದೇನೆ.

ಇದು ಕೆಲಸ ಮಾಡುವ ಬಗೆ

ಇಲ್ಲಿ ಹೇಳುವುದು ಬ್ರಿಟನ್ನಿನ ಹಳೆಯ ಟ್ರಾಂಗಳಲ್ಲಿ ಸಾಮಾನ್ಯವಾಗಿದ್ದ ಗೇಟು ಮತ್ತು ಟ್ರೇ ಜೋಡಿಯ ಬಗ್ಗೆ. ಹಡ್ಸನ್ ಬೌರಿಂಗ್, ಟಿಡ್ಸ್‌ವೆಲ್ ಅಂತ ಬೇರೆ ಬೇರೆ ಮಾದರಿಗಳಿದ್ದವು. ಒಳಗಿನ ಲಿವರ್ ಜೋಡಣೆ ಬೇರೆಯಾದರೂ ತತ್ವ ಒಂದೇ.

ಡ್ರೈವರ್ ನಿಲ್ಲುವ ಪ್ಲಾಟ್‌ಫಾರಂ ಕೆಳಗೆ, ಗಾಡಿಯ ಅಗಲಕ್ಕೆ ಅಡ್ಡವಾಗಿ, ಮರದ ರೀಪಿನ ಒಂದು ಗೇಟು ತೂಗಾಡುತ್ತಿರುತ್ತದೆ. ಅದರ ಕೆಳ ಅಂಚು ರಸ್ತೆಯಿಂದ ಕೆಲವೇ ಇಂಚು ಮೇಲೆ. ಅದರ ಹಿಂದೆ, ಮುಂದಿನ ಚಕ್ರಗಳಿಗೆ ಸ್ವಲ್ಪ ಮುಂಚೆ, ಮೊರದ ಹಾಗೆ ಒಂದು ಟ್ರೇ. ಅದೂ ರೀಪಿನದೇ. ಟ್ರೇಯ ಹಿಂಭಾಗ ಕೀಲಿನ ಮೇಲೆ ಕೂತಿರುತ್ತದೆ, ಮುಂಭಾಗವನ್ನು ಒಂದು ಕೊಕ್ಕೆ ಎತ್ತಿ ಹಿಡಿದಿರುತ್ತದೆ. ಯಾರಾದರೂ ಗಾಡಿಯ ಕೆಳಗೆ ಬಿದ್ದರೆ ಅವರ ಮೈ ಗೇಟನ್ನು ಹಿಂದಕ್ಕೆ ತಳ್ಳುತ್ತದೆ. ಗೇಟಿನಿಂದ ಹೋದ ಸರಳು ಕೊಕ್ಕೆಯನ್ನು ಬಿಡಿಸುತ್ತದೆ. ಟ್ರೇ ಬಿದ್ದು ರಸ್ತೆಗೆ ತಾಗುತ್ತದೆ, ಬಿದ್ದವರನ್ನು ಮೊರದಲ್ಲಿ ಬಾಚಿದ ಹಾಗೆ ಬಾಚಿಕೊಳ್ಳುತ್ತದೆ. ಚಕ್ರದವರೆಗೆ ಹೋಗಲು ಬಿಡುವುದಿಲ್ಲ, ಅಷ್ಟೇ ಅದರ ಕೆಲಸ.

ಅಷ್ಟೇ ಅಂದೆ, ಯಾಕೆಂದರೆ ಗಾಡಿಯ ಹೊಡೆತವನ್ನು ಇದು ತಪ್ಪಿಸುವುದಿಲ್ಲ. ಬಾರ್ಸಿಲೋನಾದ ವಾಸ್ತುಶಿಲ್ಪಿ ಗೌಡಿಗೆ 1926ರ ಜೂನ್ 7ರಂದು ಟ್ರಾಂ ಬಡಿಯಿತು, ಮೂರು ದಿನಕ್ಕೆ ತೀರಿಕೊಂಡರು. ಬಂಗಾಳಿ ಕವಿ ಜೀವನಾನಂದ ದಾಸರಿಗೆ ಕೋಲ್ಕತ್ತದಲ್ಲಿ 1954ರ ಅಕ್ಟೋಬರ್ 14ರಂದು ಬಡಿಯಿತು, 22ರಂದು ಹೋದರು. ಹೊಡೆತವೇ ಜೀವ ತೆಗೆಯಬಲ್ಲದು. ಆದ್ದರಿಂದ ಲೈಫ್‌ಗಾರ್ಡ್ ಸರಿ ಇದೆ ಅಂತ ಬ್ರೇಕನ್ನೋ ಗಂಟೆಯನ್ನೋ ಕಡೆಗಣಿಸುವ ಹಾಗಿಲ್ಲ.

ಇನ್ನೊಂದು ಲೆಕ್ಕ ತಲೆಯಲ್ಲಿರಲಿ. ಗಾಡಿ ಗಂಟೆಗೆ 20 ಕಿ.ಮೀ. ವೇಗದಲ್ಲಿದ್ದರೆ ಒಂದು ಸೆಕೆಂಡಿಗೆ ಐದೂವರೆ ಮೀಟರ್ ಹೋಗುತ್ತದೆ. ಗೇಟಿಗೂ ಟ್ರೇಗೂ ಒಂದು ಮೀಟರ್ ಅಂತರವಿದೆ ಅಂದುಕೊಳ್ಳಿ. ಆ ದೂರ ಮುಗಿಯಲು 0.18 ಸೆಕೆಂಡು ಸಾಕು. ಯಾವುದೇ ವಸ್ತು ತಾನಾಗಿ 10 ಸೆಂ.ಮೀ. ಕೆಳಗೆ ಬೀಳಲು ಸುಮಾರು 0.14 ಸೆಕೆಂಡು ಬೇಕು. ಉಳಿದದ್ದು ಎಷ್ಟು ನೋಡಿ, ಕಣ್ಣು ಮಿಟುಕಿಸುವಷ್ಟೂ ಇಲ್ಲ. ಅದಕ್ಕೇ ಈ ಯಂತ್ರದಲ್ಲಿ "ಸ್ವಲ್ಪ ನಿಧಾನಕ್ಕೆ ಬೀಳುತ್ತೆ, ಪರವಾಗಿಲ್ಲ" ಅನ್ನುವ ಮಾತಿಲ್ಲ. ನಿಧಾನಕ್ಕೆ ಬಿದ್ದರೂ ಒಂದೇ, ಬೀಳದಿದ್ದರೂ ಒಂದೇ.

ಗಾಡಿಯಡಿ ತಲೆ ಹಾಕುವ ಮುಂಚೆ

ಟ್ರಾಂ ಮೇಲಿನ ತಂತಿಯಲ್ಲಿ 550ರಿಂದ 600 ವೋಲ್ಟ್ ಡಿ.ಸಿ. ಕರೆಂಟ್ ಇರುತ್ತದೆ. ಗಾಡಿಯಡಿ ಮೋಟರಿಗೆ ಹೋಗುವ ಕೇಬಲ್ಲುಗಳೂ ಅದೇ ಕರೆಂಟಿನವು. ಹಾಗಾಗಿ ಮೊದಲು ತಂತಿಗೆ ತಾಗುವ ಟ್ರಾಲಿ ಕೋಲನ್ನು ಇಳಿಸಿ ಕಟ್ಟಿ. ಹ್ಯಾಂಡ್ ಬ್ರೇಕ್ ಬಿಗಿಯಿರಿ. ಚಕ್ರದ ಎರಡೂ ಕಡೆ ಮರದ ತುಂಡು ಕೊಡಿ. ಗಾಡಿ ಓಡಿಸುವ ಕಂಟ್ರೋಲರ್ ಹ್ಯಾಂಡಲ್ ತೆಗೆದು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ, ಬೇರೆಯವರ ಕೈಗೆ ಕೊಡಬೇಡಿ. ಗಾಡಿ ಅಲುಗಿಸಬಾರದು ಅಂತ ಬೋರ್ಡು ಎರಡೂ ತುದಿಗೆ ಹಾಕಿ. ಒಂದೇ ತುದಿಗೆ ಹಾಕಿದರೆ ಇನ್ನೊಂದು ತುದಿಯಿಂದ ಹತ್ತಿದವರಿಗೆ ಕಾಣಬೇಕಲ್ಲ!

ಎರಡನೆಯದು ಟ್ರೇಯೇ. ಎತ್ತಿ ನಿಂತ ಟ್ರೇ ಕೆಳಗೆ ಕೈ ಹಾಕಬೇಡಿ. ಅದು ಬೀಳಲಿಕ್ಕೆಂದೇ ಮಾಡಿದ ವಸ್ತು, ಗೇಟಿಗೆ ನಿಮ್ಮ ಮೊಣಕಾಲು ತಾಗಿದರೂ ಸಾಕು. ಕೆಳಗೆ ದಪ್ಪ ಮರದ ತುಂಡು ಕೊಟ್ಟೇ ಕೈ ಹಾಕಿ. ಕೆಲಸ ಮುಗಿದ ಮೇಲೆ ಆ ತುಂಡು ತೆಗೆದದ್ದನ್ನು ಇನ್ನೊಬ್ಬರ ಕೈಲಿ ನೋಡಿಸಿ.

ಮೊದಲ ಪರೀಕ್ಷೆ: ಕಸಬರಿಗೆ ಕೋಲು, ಹಳೆಯ ನ್ಯೂಸ್‌ಪೇಪರು

ಯಾವ ದೂರು ಬಂದಿದ್ದರೂ ಇದರಿಂದಲೇ ಶುರುಮಾಡಿ. ಖರ್ಚಿಲ್ಲ, ಐದು ನಿಮಿಷದ ಕೆಲಸ.

ಗಾಡಿಯ ಪಕ್ಕಕ್ಕೆ ನಿಂತು, ಉದ್ದನೆಯ ಕೋಲಿನಿಂದ ಗೇಟಿನ ಕೆಳ ಅಂಚನ್ನು ಹಿಂದಕ್ಕೆ ತಳ್ಳಿ. ಮೊದಲು ನಡುವೆ, ಆಮೇಲೆ ಎಡ ಮೂಲೆ, ಆಮೇಲೆ ಬಲ ಮೂಲೆ. ಪ್ರತಿ ಸಲ ಟ್ರೇ ಬೀಳಬೇಕು, ಪ್ರತಿ ಸಲ ಮತ್ತೆ ಎತ್ತಿ ಕೂರಿಸಿ. ಬಹಳ ಜನ ನಡುವೆ ಒಂದು ಸಲ ಕಾಲಲ್ಲಿ ಒದ್ದು "ಓಕೆ" ಅಂತ ಪುಸ್ತಕದಲ್ಲಿ ಬರೆದುಬಿಡುತ್ತಾರೆ. ಗಾಡಿಯಡಿ ಬೀಳುವವರು ಸರಿಯಾಗಿ ನಡುವೆಯೇ ಬೀಳುತ್ತಾರೆ ಅಂತ ಯಾರು ಹೇಳಿದರು? ಮಗುವಿನ ಕೈಯೊಂದು ಮೂಲೆಗೆ ತಾಗಿದರೂ ಟ್ರೇ ಬೀಳಬೇಕು.

ಟ್ರೇ ಬಿದ್ದ ಮೇಲೆ ನ್ಯೂಸ್‌ಪೇಪರಿನ ಒಂದು ಪಟ್ಟಿ ಹರಿದು ಅದರ ಮುಂದಿನ ಅಂಚಿನ ಕೆಳಗೆ ತೂರಿಸಿ ನೋಡಿ. ಸಮತಟ್ಟಾದ ಜಾಗದಲ್ಲಿ ಎರಡೂ ಮೂಲೆಯಲ್ಲಿ ಪೇಪರು ಬಿಗಿಯಾಗಿ ಸಿಕ್ಕಿಕೊಳ್ಳಬೇಕು, ಎಳೆದರೆ ಹರಿಯಬೇಕು. ಒಂದು ಕಡೆ ಸಲೀಸಾಗಿ ಹೊರಗೆ ಬಂದರೆ ಆ ಮೂಲೆ ನೆಲಕ್ಕೆ ತಾಗುತ್ತಿಲ್ಲ. ಕಣ್ಣಿಗೆ ತಾಗಿದ ಹಾಗೇ ಕಾಣುತ್ತದೆ, ಪೇಪರು ಮಾತ್ರ ಸುಳ್ಳು ಹೇಳುವುದಿಲ್ಲ.

ಇದನ್ನೇ ಗಾಡಿಯ ಇನ್ನೊಂದು ತುದಿಯಲ್ಲೂ ಮಾಡಿ. ಟ್ರಾಂಗೆ ಎರಡು ಮುಖ, ಲೈಫ್‌ಗಾರ್ಡೂ ಎರಡು.

ಲಕ್ಷಣ: ಗೇಟು ಹಿಂದಕ್ಕೆ ಹೋಗುತ್ತದೆ, ಟ್ರೇ ಜಪ್ಪಯ್ಯ ಅನ್ನುವುದಿಲ್ಲ

ಇದೇ ಎಲ್ಲಕ್ಕಿಂತ ಅಪಾಯದ ದೋಷ. ಹೊರಗಿನಿಂದ ನೋಡಿದರೆ ಗಾಡಿ ಚೆನ್ನಾಗಿ ಓಡುತ್ತದೆ, ಶಬ್ದವಿಲ್ಲ, ದೂರಿಲ್ಲ. ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. "ನಮ್ಮ ಗಾಡಿಯ ಟ್ರೇ ಒಂದು ಸಲವೂ ಬಿದ್ದಿಲ್ಲ, ಬಂಗಾರದಂಥ ಗಾಡಿ" ಅಂತ ಯಾರಾದರೂ ಹೊಗಳಿದರೆ ನಾನು ಮೊದಲು ಅದೇ ಗಾಡಿಯಡಿ ಹೋಗುತ್ತೇನೆ.

ಮೊದಲು ನೋಡಬೇಕಾದ್ದು ಟ್ರೇಯನ್ನು ಯಾರಾದರೂ ಬೇಕೆಂದೇ ಕಟ್ಟಿಟ್ಟಿದ್ದಾರಾ ಅಂತ. ಪಿಟ್ ಮೇಲೆ, ಅಂದರೆ ಒಳಗಿಳಿದು ಗಾಡಿಯಡಿ ನೋಡಲು ಹಳಿಯ ನಡುವೆ ತೋಡಿದ ಗುಂಡಿಯ ಮೇಲೆ, ಗಾಡಿ ನಿಲ್ಲಿಸಿ ಕೆಲಸ ಮಾಡುವಾಗ ತಂತಿಯಲ್ಲೋ ಹಗ್ಗದಲ್ಲೋ ಪಿನ್ನಿನಲ್ಲೋ ಟ್ರೇಯನ್ನು ಎತ್ತಿ ಕಟ್ಟುವುದುಂಟು. ಬಿಚ್ಚಲು ಮರೆತಿರುತ್ತಾರೆ. ನಗಬೇಡಿ, ನಾನು ಕಂಡಿದ್ದೇನೆ. ಅಂದಿನಿಂದ ನಮ್ಮ ಶೆಡ್ಡಿನಲ್ಲಿ ಕಟ್ಟುವ ಹಗ್ಗಕ್ಕೆ ಒಂದು ಗಜ ಉದ್ದದ ಕೆಂಪು ಬಟ್ಟೆ ಹೊಲಿದಿದ್ದೇವೆ. ಗಾಡಿಯ ಹೊರಗೆ ನೇತಾಡುತ್ತದೆ, ಮರೆಯಲು ಆಗುವುದಿಲ್ಲ.

ಕಟ್ಟಿಲ್ಲ ಅಂತಾದರೆ ಡ್ರೈವರ್ ಕಾಲಿನ ಹತ್ತಿರ ಹೋಗಿ. ಬಹಳ ಗಾಡಿಗಳಲ್ಲಿ ಟ್ರೇಯನ್ನು ಕೈಯಾರೆ ಬೀಳಿಸಲು ಪ್ಲಾಟ್‌ಫಾರಂ ಮೇಲೆ ಒಂದು ಪೆಡಲ್ ಇರುತ್ತದೆ. ಅದನ್ನು ತುಳಿಯಿರಿ. ಟ್ರೇ ಬಿತ್ತೋ? ಹಾಗಾದರೆ ಕೊಕ್ಕೆ, ಕೀಲು, ಟ್ರೇ ಮೂರೂ ಸರಿ ಇವೆ. ದೋಷ ಗೇಟಿಗೂ ಕೊಕ್ಕೆಗೂ ನಡುವಿನ ಸರಳಿನಲ್ಲಿದೆ. ತುಳಿದರೂ ಬೀಳಲಿಲ್ಲವೋ? ದೋಷ ಕೊಕ್ಕೆಯಲ್ಲೋ ಕೀಲಿನಲ್ಲೋ ಇದೆ. ಈ ಒಂದು ತುಳಿತಕ್ಕೆ ಅರ್ಧ ಹುಡುಕಾಟ ಮುಗಿಯಿತು.

ಸರಳಿನ ಕಡೆ ದೋಷವಿದ್ದರೆ, ಒಬ್ಬರು ಗೇಟನ್ನು ನಿಧಾನಕ್ಕೆ ತಳ್ಳಲಿ, ಇನ್ನೊಬ್ಬರು ದೂರದಿಂದ ಟಾರ್ಚ್ ಬಿಟ್ಟು ಸರಳನ್ನು ನೋಡಲಿ. ಗೇಟು ಚಲಿಸಿದ ಮೇಲೂ ಸರಳು ಸುಮ್ನೆ ನಿಂತಿದ್ದರೆ ತುದಿಯ ಪಿನ್ನು ಬಿದ್ದುಹೋಗಿದೆ, ಇಲ್ಲವೇ ಪಿನ್ನಿನ ತೂತು ಸವೆದು ಕಡಲೆಕಾಯಿ ಆಕಾರಕ್ಕೆ ಬಂದಿದೆ. ಒಂದೊಂದು ತೂತಿನಲ್ಲಿ ಎರಡು ಮಿ.ಮೀ. ಸವೆತ ಇದ್ದರೂ ನಾಲ್ಕು ಕೂಡು ಸೇರಿದರೆ ಎಂಟು ಮಿ.ಮೀ. ಆಯಿತು. ಗೇಟಿನ ತಳ್ಳುವಿಕೆಯೆಲ್ಲ ಆ ಸಡಿಲದಲ್ಲೇ ಕಳೆದುಹೋಗುತ್ತದೆ, ಕೊಕ್ಕೆಗೆ ಏನೂ ಮುಟ್ಟುವುದಿಲ್ಲ. ಸರಳು ಬಗ್ಗಿದ್ದರೂ ಇದೇ ಕಥೆ. ಹೊಸ ಪಿನ್ನು, ಹೊಸ ಬುಷ್ (ತೂತಿನೊಳಗೆ ಕೂರುವ ಲೋಹದ ಬಳೆ) ಹಾಕಿದರೆ ಸರಿಹೋಗುತ್ತದೆ. ಸರಳಿನ ಉದ್ದ ಕಡಿಮೆ ಮಾಡಿ ಸಡಿಲ ತೆಗೆಯುವ ಜಾಣತನ ಬೇಡ. ಸವೆತ ಅಲ್ಲೇ ಉಳಿಯುತ್ತದೆ, ಇಲಿ ಬೋನಿನ ಇನ್ನೊಂದು ಕಾಯಿಲೆ ಶುರುವಾಗುತ್ತದೆ.

ಕೊಕ್ಕೆಯ ಕಡೆ ದೋಷವಿದ್ದರೆ ಮೊದಲ ಅನುಮಾನ ಕೊಳೆ ಮತ್ತು ಹಳೆಯ ಗ್ರೀಸು. ಗ್ರೀಸು ಹಾಕಿದರೆ ಒಳ್ಳೆಯದು ಅಂತ ವರ್ಷವರ್ಷ ಮೆತ್ತಿರುತ್ತಾರೆ. ಹಳಿಯ ಧೂಳು ಅದಕ್ಕೆ ಕೂತು ಅಂಟು ಹಲಸಿನ ಮೇಣದ ಹಾಗೆ ಆಗಿರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಎಣ್ಣೆ ಬಿಡಿ. ಎಣ್ಣೆ, ಗ್ರೀಸಲ್ಲ.

ಎರಡನೇ ಅನುಮಾನ ಬಣ್ಣ. ಇದನ್ನು ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮ್ಯೂಸಿಯಂ ಗಾಡಿಗಳಿಗೆ ಇದು ಮನೆರೋಗ. ಚಳಿಗಾಲದಲ್ಲಿ ಗಾಡಿಗೆ ಹೊಸ ಬಣ್ಣ ಹೊಡೆಯುತ್ತಾರೆ. ಪ್ರೀತಿ ಜಾಸ್ತಿಯಾಗಿ ಕೆಳಗಿನ ಕಬ್ಬಿಣಕ್ಕೂ ಕಪ್ಪು ಬಣ್ಣ ಬಳಿಯುತ್ತಾರೆ. ಕೊಕ್ಕೆ ಟ್ರೇಯನ್ನು ಹಿಡಿಯುವ ಮೂತಿಗೂ ಬಣ್ಣ ಬೀಳುತ್ತದೆ. ಎರಡು ಕಬ್ಬಿಣ ಒಂದಕ್ಕೊಂದು ಒತ್ತಿಕೊಂಡೇ ಬಣ್ಣ ಒಣಗಿದರೆ ಅದು ಗೋಂದು. ಒಂದು ಏಪ್ರಿಲ್ ಬೆಳಿಗ್ಗೆ ನಮ್ಮಲ್ಲಿ ಹಾಗೇ ಆಯಿತು. ಗೇಟು ತಳ್ಳಿದೆವು, ಇಲ್ಲ. ಪೆಡಲ್ ತುಳಿದೆವು, ಇಲ್ಲ. ಶೆಡ್ಡಿನ ಹಿರಿಯ ಫಿಟ್ಟರ್ ಬಂದು, ಟ್ರೇಯಡಿ ಮರದ ತುಂಡು ಕೊಟ್ಟು, ಉಗುರಲ್ಲಿ ಕೊಕ್ಕೆಯ ಮೂತಿ ಕೆರೆದರು. ಉಗುರಿನೊಳಗೆ ಕಪ್ಪು ಬಣ್ಣದ ಸುರುಳಿ ಬಂತು. ಏನೂ ಹೇಳಲಿಲ್ಲ, ಬಣ್ಣ ಹೊಡೆದವನ ಮುಖಕ್ಕೆ ಆ ಉಗುರು ಹಿಡಿದರು. ಹೊಡೆದವನು ನಾನೇ. ಕೊಕ್ಕೆಯ ಮೂತಿ, ಅದು ಕೂರುವ ಅಂಚು, ಕೀಲಿನ ಒಳಮೈ ಈ ಮೂರಕ್ಕೆ ಬಣ್ಣ ತಾಗಬಾರದು. ಬ್ರಷ್ ಹಿಡಿಯುವ ಮುಂಚೆ ಅಲ್ಲಿ ಟೇಪು ಅಂಟಿಸಿ.

ಮೂರನೆಯದು ಮರ. ಮಳೆಯಲ್ಲಿ ನೆಂದ ರೀಪು ಊದುತ್ತದೆ, ಪಕ್ಕದ ಕಬ್ಬಿಣದ ಚೌಕಟ್ಟಿಗೆ ಒತ್ತಿ ಟ್ರೇಯನ್ನು ಹಿಡಿದುಬಿಡುತ್ತದೆ. ಬಿಸಿಲಿದ್ದ ದಿನ ಎಲ್ಲ ಸರಿ, ಮಳೆ ಬಂದ ದಿನ ಮಾತ್ರ ದೋಷ. ಹೀಗೆ ಹವಾಮಾನ ನೋಡಿಕೊಂಡು ಬರುವ ದೋಷವಿದ್ದರೆ ಕಬ್ಬಿಣದಲ್ಲಿ ಹುಡುಕಬೇಡಿ. ರೀಪಿನ ತುದಿಯಲ್ಲಿ ಉಜ್ಜಿ ಹೊಳೆಯುವ ಗುರುತು ಕಾಣುತ್ತದೆ.

ಲಕ್ಷಣ: ಬೀಳುತ್ತದೆ, ಆದರೆ ಓರೆಯಾಗಿ ಅಥವಾ ನಿಧಾನಕ್ಕೆ

ಒಂದು ಮೂಲೆ ನೆಲ ಮುಟ್ಟದಿದ್ದರೆ ಮೊದಲು ಗಾಡಿ ನಿಂತ ಜಾಗ ನೋಡಿ. ರಸ್ತೆಯೇ ಒಂದು ಕಡೆ ತಗ್ಗಿರಬಹುದು. ಗಾಡಿಯನ್ನು ಸಮತಟ್ಟು ಜಾಗಕ್ಕೆ ತಂದು ಮತ್ತೆ ಪೇಪರು ಹಿಡಿಯಿರಿ. ಅದೇ ಮೂಲೆ ಎತ್ತರವಾಗಿದ್ದರೆ ಮುಂದಿನ ಅಂಚಿನ ರೀಪು ಮುರಿದಿದೆಯಾ, ಎಲ್ಲೋ ಬಡಿದು ಬಗ್ಗಿದೆಯಾ, ಟ್ರೇಯನ್ನು ಅತಿಯಾಗಿ ಬೀಳದಂತೆ ಹಿಡಿಯುವ ಸರಪಳಿ ಒಂದು ಕಡೆ ಗಂಟಾಗಿದೆಯಾ ನೋಡಿ. ಸರಪಳಿ ತಿರುಚಿಕೊಳ್ಳುವುದೇ ಹೆಚ್ಚು, ಬಿಡಿಸಿದರೆ ಮುಗಿಯಿತು.

ನಿಧಾನಕ್ಕೆ ಬೀಳುವುದು ಅಂದರೆ ಕೀಲಿನಲ್ಲಿ ತುಕ್ಕು. ಟ್ರೇಯನ್ನು ಇಬ್ಬರು ಹಿಡಿದು ಮೇಲೆ ಕೆಳಗೆ ಆಡಿಸಿ. ಎಲ್ಲಾದರೂ ಒಂದು ಕಡೆ ತಡೆದ ಹಾಗೆ ಕೈಗೆ ಗೊತ್ತಾಗುತ್ತದೆ. ಕೆಲವು ಗಾಡಿಗಳಲ್ಲಿ ಟ್ರೇಯನ್ನು ಕೆಳಕ್ಕೆ ಒತ್ತಲು ಸ್ಪ್ರಿಂಗ್ ಕೂಡ ಇರುತ್ತದೆ. ಆ ಸ್ಪ್ರಿಂಗ್ ತುಂಡಾದರೆ ಟ್ರೇ ತನ್ನ ತೂಕಕ್ಕೆ ಮಾತ್ರ ಬೀಳುತ್ತದೆ, ಬಿದ್ದ ಮೇಲೆ ರಸ್ತೆಯ ಉಬ್ಬುಗಳ ಮೇಲೆ ಕುಣಿಯುತ್ತದೆ. ಸ್ಪ್ರಿಂಗ್ ಬಿಚ್ಚುವ ಕೆಲಸವನ್ನು ಗೊತ್ತಿಲ್ಲದವರು ಮಾಡಬೇಡಿ. ಎಳೆದು ಕೂರಿಸಿದ ಸ್ಪ್ರಿಂಗ್ ಚಿಮ್ಮಿದರೆ ಕಣ್ಣು, ಹಲ್ಲು ಯಾವುದನ್ನೂ ಬಿಡುವುದಿಲ್ಲ.

ಲಕ್ಷಣ: ಓಡುವಾಗ ತಾನಾಗಿಯೇ ಬೀಳುತ್ತದೆ

ಧಡ್ ಅಂತ ಒಂದು ಶಬ್ದ, ಆಮೇಲೆ ಗರಗರ ಎಳೆತ. ಡ್ರೈವರ್ ಎದೆ ಒಂದು ಕ್ಷಣ ನಿಲ್ಲುತ್ತದೆ. ಇಳಿದು ನೋಡಿದರೆ ಏನೂ ಇಲ್ಲ. ದಿನಕ್ಕೆ ಮೂರು ಸಲ ಹೀಗಾದರೆ ನಾಲ್ಕನೇ ಸಲ ಡ್ರೈವರ್ ಇಳಿದು ನೋಡುವುದನ್ನೇ ಬಿಡುತ್ತಾನೆ. ಇದು ತಂಟೆಯಷ್ಟೇ ಅಲ್ಲ, ಅಪಾಯವೂ ಹೌದು ಅನ್ನುವುದು ಅದಕ್ಕೇ.

ಬಿಚ್ಚುವ ಮುಂಚೆ ಡ್ರೈವರನ್ನು ಮೂರು ಪ್ರಶ್ನೆ ಕೇಳಿ. ಪ್ರತಿ ಸಲ ಒಂದೇ ಜಾಗದಲ್ಲಿ ಬೀಳುತ್ತದಾ? ಗಾಡಿ ತುಂಬಿದ್ದಾಗ ಮಾತ್ರವಾ? ಬ್ರೇಕ್ ಹಾಕಿದಾಗಲಾ?

ಒಂದೇ ಜಾಗದಲ್ಲಾದರೆ ಗಾಡಿ ಬಿಟ್ಟು ಆ ಜಾಗಕ್ಕೆ ನಡೆದುಹೋಗಿ. ಎದ್ದ ಕಲ್ಲು, ಜಲ್ಲಿ ಗುಡ್ಡೆ, ಹಳಿಯ ನಡುವೆ ಬೆಳೆದ ದಪ್ಪ ಕಾಂಡದ ಗಿಡ, ಚಳಿಗಾಲದಲ್ಲಾದರೆ ಗಟ್ಟಿಯಾದ ಹಿಮ. ಗೇಟಿನ ಕೆಳ ಅಂಚಿನಲ್ಲಿ ಹೊಸ ಗೀರು ಇದ್ದರೆ ಗೇಟು ಏನಕ್ಕೋ ನಿಜವಾಗಿ ತಾಗಿದೆ ಅಂತಲೇ ಅರ್ಥ. ಗೀರೇ ಇಲ್ಲದಿದ್ದರೆ ಕೊಕ್ಕೆಯ ಕಡೆ ತಿರುಗಿ.

ಬ್ರೇಕ್ ಹಾಕಿದಾಗ ಬಿದ್ದರೆ ಎರಡು ಕಾರಣ ಇರಬಹುದು. ನಾಲ್ಕು ಚಕ್ರದ ಗಾಡಿಯ ಎರಡು ತುದಿ ಚಕ್ರದಿಂದ ಬಹಳ ಹೊರಗೆ ಚಾಚಿರುತ್ತವೆ. ಬ್ರೇಕ್ ಹಾಕಿದರೆ ಮೂಗು ತಗ್ಗುತ್ತದೆ, ಗೇಟು ನೆಲಕ್ಕೆ ಹತ್ತಿರವಾಗುತ್ತದೆ. ಅಥವಾ ಕೊಕ್ಕೆಯ ಮೂತಿ ಸವೆದು ದುಂಡಾಗಿ ಜರ್ಕಿಗೇ ಜಾರುತ್ತಿರಬಹುದು. ಟಾರ್ಚ್ ಹಿಡಿದು ಮೂತಿಯನ್ನು ಅಡ್ಡದಿಂದ ನೋಡಿ. ಚೂಪಾದ ಅಂಚಿರಬೇಕಾದಲ್ಲಿ ಗೋಲಿಯ ಹಾಗೆ ಹೊಳೆದರೆ ಸವೆದಿದೆ. ಕೆಲವು ಸಲ ಕಾರಣ ಇನ್ನೂ ಸರಳ: ಡ್ರೈವರ್ ಬ್ರೇಕ್ ತಿರುಗಿಸುವಾಗ ಕಾಲು ಊರಿ ನಿಲ್ಲುವುದು ಟ್ರೇ ಪೆಡಲ್ ಮೇಲೆಯೇ! ಬೇರೆ ಡ್ರೈವರ್ ಹಾಕಿ ನೋಡಿದರೆ ಗೊತ್ತಾಗುತ್ತದೆ. ಇದನ್ನು ಹೇಳುವಾಗ ಮಾತ್ರ ಸ್ವಲ್ಪ ನಯವಾಗಿ ಹೇಳಿ.

ಗಾಡಿ ತುಂಬಿದಾಗ ಮಾತ್ರ ಬೀಳುವ ದೋಷ ನಮ್ಮನ್ನು ಒಂದು ಬೇಸಿಗೆಯೆಲ್ಲ ಕಾಡಿತು. ಡಬಲ್ ಡೆಕ್ಕರ್ ಗಾಡಿ. ವಾರದ ದಿನ ತೊಂದರೆಯಿಲ್ಲ, ಭಾನುವಾರ ಮಧ್ಯಾಹ್ನ ಮಾತ್ರ ಬೀಳುತ್ತಿತ್ತು. ಕೊಕ್ಕೆ ಹೊಸದು ಹಾಕಿದೆವು. ಗೇಟನ್ನು ಹಿಂದಿನ ಜಾಗಕ್ಕೆ ಎಳೆಯುವ ಸ್ಪ್ರಿಂಗ್ ಬದಲಿಸಿದೆವು. ಊಹೂಂ. ಕೊನೆಗೆ ಒಂದು ಅಳತೆ ಪಟ್ಟಿ ಹಿಡಿದು, ಗಾಡಿ ಖಾಲಿಯಿದ್ದಾಗ ಮತ್ತು ಜನ ಕೂತಾಗ ಗೇಟಿನ ಎತ್ತರ ಅಳೆದೆವು. ಆ ಚಳಿಗಾಲದಲ್ಲಿ ಚಕ್ರಗಳನ್ನು ಲೇತಿಗೆ ಹಾಕಿ ಹೊಸ ಆಕಾರಕ್ಕೆ ತಂದಿದ್ದರು. ವ್ಯಾಸದಲ್ಲಿ 20 ಮಿ.ಮೀ. ಹೋದರೆ ಗಾಡಿ 10 ಮಿ.ಮೀ. ಕೆಳಗಿಳಿಯುತ್ತದೆ, ಸರಳ ಲೆಕ್ಕ. ಗೇಟನ್ನು ಅಷ್ಟು ಎತ್ತಿಕೊಡಬೇಕಿತ್ತು, ಯಾರೂ ಎತ್ತಿರಲಿಲ್ಲ. ಗಾಡಿಯನ್ನು ಹೊರುವ ಹಳೆಯ ಸ್ಪ್ರಿಂಗುಗಳು ಮೊದಲೇ ಕುಗ್ಗಿದ್ದವು. ಭಾನುವಾರ ಮೇಲೆ ಕೆಳಗೆ ಜನ ತುಂಬಿ, ಗಾಡಿ ತಗ್ಗಿನಲ್ಲಿ ಮೂಗು ಬಾಗಿಸಿದರೆ ಗೇಟು ರಸ್ತೆಯ ಕಲ್ಲಿಗೆ ಮುತ್ತಿಡುತ್ತಿತ್ತು. ಚಕ್ರ ಬದಲಿಸಿದಾಗ, ಲೇತಿಗೆ ಹಾಕಿದಾಗ, ಗಾಡಿಯ ಸ್ಪ್ರಿಂಗ್ ಮುಟ್ಟಿದಾಗ ಗೇಟಿನ ಎತ್ತರ ಮತ್ತೆ ಅಳೆಯಿರಿ. ಎಷ್ಟಿರಬೇಕು ಅನ್ನುವುದು ಆಯಾ ಗಾಡಿಯ ಪುಸ್ತಕದಲ್ಲಿರುತ್ತದೆ. ಪಕ್ಕದ ಗಾಡಿಯ ಅಳತೆ ಇದಕ್ಕೆ ಹಾಕಬೇಡಿ.

ಏನೇ ಆದರೂ ಒಂದು ಅಡ್ಡದಾರಿ ಹಿಡಿಯಬೇಡಿ. ಪದೇ ಪದೇ ಬೀಳುತ್ತದೆ ಅಂತ ಕೊಕ್ಕೆಯನ್ನು ಬಿಗಿ ಮಾಡುವುದು ಸುಲಭ, ದೂರು ಅಂದೇ ನಿಲ್ಲುತ್ತದೆ. ಆದರೆ ನೀವು ಈಗ ಮೊದಲು ಹೇಳಿದ ಅಪಾಯದ ದೋಷವನ್ನು ಕೈಯಾರೆ ತಂದಿಟ್ಟಿದ್ದೀರಿ. ಕೊಕ್ಕೆ ಮುಟ್ಟಿದರೆ ಗೇಟಿನ ಕೆಳ ಅಂಚಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಎಷ್ಟು ಕಿಲೋ ಎಳೆತಕ್ಕೆ ಟ್ರೇ ಬೀಳುತ್ತದೆ ಅಂತ ರಿಪೇರಿಗೆ ಮುಂಚೆ ಮತ್ತು ಆಮೇಲೆ ಬರೆದಿಡಿ. ನಡುವೆ ಒಂದು ಸಲ, ಎರಡೂ ಮೂಲೆಯಲ್ಲಿ ಒಂದೊಂದು ಸಲ. ಎರಡು ಮೂಲೆಯ ಅಂಕಿಗಳಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಗೇಟು ತೂಗುವ ಅಡ್ಡ ಸರಳು ತಿರುಚಿದೆ.

ಲಕ್ಷಣ: ಎತ್ತಿದರೆ ನಿಲ್ಲುವುದಿಲ್ಲ

ಟ್ರೇ ಎತ್ತಿದರೆ ಕ್ಲಿಕ್ ಅನ್ನುವುದಿಲ್ಲ, ಕೈಬಿಟ್ಟ ಕೂಡಲೇ ಬೀಳುತ್ತದೆ. ಮೊದಲು ಗೇಟು ನೋಡಿ. ಗೇಟಿನ ಹಿಂದೆ ಕೊಂಬೆಯೋ ಪ್ಲಾಸ್ಟಿಕ್ ಬಾಟಲಿಯೋ ಸಿಕ್ಕಿಕೊಂಡು, ಅದು ಪೂರ್ತಿ ಮುಂದಕ್ಕೆ ಬಂದಿರುವುದಿಲ್ಲ. ಗೇಟು ಹಿಂದೆ ಇರುವವರೆಗೆ ಕೊಕ್ಕೆ ತೆರೆದೇ ಇರುತ್ತದೆ. ಕಸ ತೆಗೆದರೆ ಕ್ಲಿಕ್. ಇಲ್ಲದಿದ್ದರೆ ಗೇಟಿನ ಸ್ಪ್ರಿಂಗ್, ಆಮೇಲೆ ಪೆಡಲ್ ಕೆಳಗೇ ಸಿಕ್ಕಿಕೊಂಡಿದೆಯಾ, ಕೊನೆಗೆ ಕೊಕ್ಕೆ. ಈ ಕ್ರಮ ಬಿಟ್ಟು ಮೊದಲೇ ಕೊಕ್ಕೆ ಬಿಚ್ಚಿದವರನ್ನು ಬಹಳ ನೋಡಿದ್ದೇನೆ.

ರಸ್ತೆಯಲ್ಲಿ ಟ್ರೇ ಬಿದ್ದರೆ

ಡ್ರೈವರಿಗೆ ಒಂದೇ ನಿಯಮ: ಮನುಷ್ಯರು ಇದ್ದಾರೆ ಅಂತಲೇ ತಿಳಿದು ನಿಲ್ಲಿಸಿ. ಹಿಂದೆಯೂ ಹೋಗಬೇಡಿ, ಮುಂದೆಯೂ ಹೋಗಬೇಡಿ. ಬ್ರೇಕ್ ಹಾಕಿ, ಇಳಿದು, ಎರಡೂ ಪಕ್ಕದಿಂದ ಬಗ್ಗಿ ನೋಡಿ.

ಯಾರಾದರೂ ಇದ್ದರೆ ದೋಷ ಹುಡುಕುವ ಕೆಲಸ ಅಲ್ಲಿಗೆ ನಿಲ್ಲಬೇಕು. ಗಾಡಿ ಒಂದು ಇಂಚೂ ಕದಲಬಾರದು. ಟ್ರಾಲಿ ಕೋಲು ಇಳಿಸಿ, ಚಕ್ರಕ್ಕೆ ಮರದ ತುಂಡು ಕೊಟ್ಟು, ತುರ್ತು ಸೇವೆಗೆ ಫೋನ್ ಮಾಡಿ. ಬ್ರಿಟನ್ನಿನಲ್ಲಿ 999, ಭಾರತದಲ್ಲಾದರೆ 112. ಬಿದ್ದವರನ್ನು ಎಳೆದು ತೆಗೆಯಲು ಹೋಗಬೇಡಿ. ಟ್ರೇಯನ್ನು ಎತ್ತಲೂ ಬೇಡಿ, ಅದೇ ಅವರನ್ನು ಚಕ್ರದಿಂದ ದೂರ ಹಿಡಿದಿರುವುದು. ಅವರ ಜೊತೆ ಮಾತಾಡುತ್ತಿರಿ. ಗಾಡಿ ಎತ್ತುವುದು ಜ್ಯಾಕ್ ಇರುವವರ, ತರಬೇತಿ ಇರುವವರ ಕೆಲಸ.

ಯಾರೂ ಇಲ್ಲದಿದ್ದರೆ ಕಾರಣ ಹುಡುಕಿ, ಟ್ರೇ ಎತ್ತಿ ಕೂರಿಸಿ, ಆಮೇಲೆ ಹೊರಡಿ. ಬಿದ್ದ ಟ್ರೇಯನ್ನು ಹಾಗೇ ಎಳೆದುಕೊಂಡು ಶೆಡ್ಡಿಗೆ ಹೋಗೋಣ ಅನ್ನಬೇಡಿ. ಮುಂದಿನ ಅಂಚು ಹಳಿ ಕವಲೊಡೆಯುವ ಕಡೆ ಸಿಕ್ಕಿ ಟ್ರೇ ಚೂರಾಗುತ್ತದೆ, ಚೂರು ಚಕ್ರಕ್ಕೆ ಹೋಗುತ್ತದೆ. ಕೂರಿಸಲು ಆಗದಿದ್ದರೆ ಪ್ರಯಾಣಿಕರನ್ನು ಇಳಿಸಿ, ಟ್ರೇ ಎತ್ತಿ ಕಟ್ಟಿ, ಒಬ್ಬರು ಮುಂದೆ ನಡೆಯುತ್ತಾ, ಆ ನಡಿಗೆಯ ವೇಗದಲ್ಲೇ ಶೆಡ್ಡಿಗೆ ತನ್ನಿ. ಇದಕ್ಕೂ ಮೇಲಿನವರ ಅನುಮತಿ ಬೇಕು.

ನಿಮ್ಮ ಕೈಮೀರಿದ್ದು

ಗೇಟಿನ ಅಡ್ಡ ಸರಳು ತಿರುಚಿದ್ದರೆ, ಟ್ರೇ ಕೂರುವ ಕಬ್ಬಿಣದಲ್ಲಿ ಬಿರುಕು ಕಂಡರೆ, ಕೊಕ್ಕೆಯನ್ನು ಯಾರೋ ಹಿಂದೆ ವೆಲ್ಡ್ ಮಾಡಿದ ಗುರುತಿದ್ದರೆ ಅಲ್ಲಿಗೆ ನಿಲ್ಲಿಸಿ. ಗಾಡಿಯನ್ನು ಸೇವೆಯಿಂದ ತೆಗೆದು ಶೆಡ್ಡಿನ ಎಂಜಿನಿಯರಿಗೆ ಒಪ್ಪಿಸಿ. ಬಿರುಕಿನ ಮೇಲೆ ಒಂದು ಚೂರು ವೆಲ್ಡ್ ಹಾಕಿ ಬಣ್ಣ ಬಳಿಯುವುದು ನಮ್ಮ ಗ್ಯಾರೇಜುಗಳಲ್ಲಿ ನಡೆಯುತ್ತದೆ, ಇಲ್ಲಿ ಬೇಡ. ರಿಪೇರಿ ದೊಡ್ಡದಾಗಿದ್ದರೆ ಹಳೆಯ ಬಟ್ಟೆ ತುಂಬಿದ ಗೋಣಿಚೀಲವನ್ನು ಹಳಿಯ ನಡುವೆ ಮಲಗಿಸಿ, ಎಂಜಿನಿಯರ್ ಎದುರಲ್ಲಿ ನಡಿಗೆಯ ವೇಗದಲ್ಲಿ ಗಾಡಿ ಹಾಯಿಸಿ ನೋಡುವುದು ಒಳ್ಳೆಯದು. ಚೀಲ ಟ್ರೇ ಮೇಲೆ ಬಂದಿರಬೇಕು. ಟ್ರೇಯಡಿ ನುಸುಳಿದ್ದರೆ ಕೆಲಸ ಮುಗಿದಿಲ್ಲ.

ಲಕ್ಷಣ: ಓಡುವಾಗ ಲೊಡಲೊಡ ಶಬ್ದ

ಇದು ಚಿಕ್ಕ ದೂರು, ಆದರೆ ಬಿಡಬೇಡಿ. ಗೇಟಿನ ರೀಪು ಸಡಿಲವಾದರೆ ಮರದ ಮೆತ್ತನೆ ಶಬ್ದ ಬರುತ್ತದೆ, ಬೋಲ್ಟು ಬಿಗಿ ಮಾಡಿ. ಕಬ್ಬಿಣದ ಕಿಣಿಕಿಣಿ ಬಂದರೆ ಸರಳಿನ ತುದಿಯ ಪಿನ್ನು ನೋಡಿ. ಪಿನ್ನು ಜಾರದಂತೆ ಅದಕ್ಕೆ ಹಾಕುವ ಎರಡು ಕಾಲಿನ ಸ್ಪ್ಲಿಟ್ ಪಿನ್ ಅರ್ಧ ಮುರಿದು ಉಳಿದರ್ಧ ಮಾತ್ರ ಅಲ್ಲಿರುತ್ತದೆ, ದೂರದಿಂದ ಇದ್ದ ಹಾಗೇ ಕಾಣುತ್ತದೆ. ಬೆರಳಲ್ಲಿ ಎರಡು ಕಾಲೂ ಮುಟ್ಟಿ ನೋಡಿ. ಹೊಸದನ್ನೇ ಹಾಕಿ, ಹಳೆಯದನ್ನು ಸುತ್ತಿಗೆಯಲ್ಲಿ ನೆಟ್ಟಗೆ ಮಾಡಿ ಮತ್ತೆ ತೂರಿಸಬೇಡಿ. ಆಮೇಲೆ ಕಸಬರಿಗೆ ಕೋಲು ತಗೊಂಡು ನಡುವೆ, ಎಡ, ಬಲ, ಎರಡೂ ತುದಿ.